ತೇಲುಬಂಡಿಗೆ ಹೊಲಿದ ಧೋತರದ ತುಂಡು

ಜ್ಯೇಷ್ಠ ಬಹುಳ ಹದಿನೇಳು,
ತಿರುಗುಗಾಳಿ ಶಕೆ ನೂರಾ ನಲವತ್ತೊಂದು,
ಕಪ್ಪತಗುಡ್ಡದ ನೆತ್ತಿ.

ವಿಮಾನದಲ್ಲಿ ಮೇಲಿಂದ ಮೇಲೆ ಓಡಾಡುವ ಹಿರಿಯರೆಲ್ಲರಿಗೆ ಫಕೀರಪ್ಪನ ಶರಣು.

ತಾರೀಖು ನೋಡಿ ನಗಬೇಡಿ. ಬಹುಳ ಹದಿನೇಳು ಎಂಬ ತಿಥಿ ನಿಮ್ಮ ಪಂಚಾಂಗದಲ್ಲಿ ಇಲ್ಲ ಎಂದು ನನಗೂ ಗೊತ್ತು. ಅಮಾವಾಸ್ಯೆಗೆ ಪಕ್ಷ ಮುಗಿಯುತ್ತದೆ ಎಂಬುದನ್ನು ನಮ್ಮ ಗುರುಗಳು ಕಿವಿ ಹಿಂಡಿಯೇ ಕಲಿಸಿದ್ದಾರೆ. ಆದರೆ ನಮ್ಮ ಕಾಲದಲ್ಲಿ ಮುಂಗಾರು ಗಾಳಿ ಬೀಸದ ಹೊರತು ಆಷಾಢ ಹುಟ್ಟುವುದಿಲ್ಲ. ಚಂದ್ರ ತನ್ನ ಪಾಡಿಗೆ ತಾನು ಮತ್ತೆ ಬೆಳೆಯಲು ಶುರು ಮಾಡಿದರೂ ನಾವು ಜ್ಯೇಷ್ಠವನ್ನೇ ಎಳೆಯುತ್ತ ಕೂಡುತ್ತೇವೆ. ಹೀಗೆ ಯಾವ ತಿಂಗಳಿಗೂ ಸೇರದೆ ಉಳಿದ ದಿನಗಳಿಗೆ ಮಿಗತೆ ದಿನ ಎಂದು ಹೆಸರು. ಮಿಗತೆ ದಿನದಲ್ಲಿ ಬಿತ್ತುವಂತಿಲ್ಲ, ಮದುವೆಯ ಮಾತು ತೆಗೆಯುವಂತಿಲ್ಲ, ಹಳೆಯ ಜಗಳ ಮುಂದುವರಿಸುವಂತಿಲ್ಲ. ಮಾಡಬಹುದಾದದ್ದು ಒಂದೇ, ಹಿಂದಂಚೆ ಬರೆಯುವುದು. ಹಿಂದಂಚೆ ಎಂದರೆ ಸಿಗಲಾರದವರಿಗೆ ಬರೆಯುವ ಕಾಗದ. ಸತ್ತವರಿಗೆ, ಹುಟ್ಟದವರಿಗೆ, ನಿಮ್ಮಂತೆ ಎಂದೋ ಆಗಿಹೋದವರಿಗೆ. ಬರೆದು ಮಡಿಸಿ, ನಮ್ಮ ಗುಡ್ಡದ ಮೇಲಿನ ಬಿಳಿ ಕಂಬದ ಪೊಳ್ಳಿನೊಳಗೆ ಬಿಟ್ಟರೆ ಆಯಿತು. ಆ ಕಂಬ ನೀವೇ ನೆಟ್ಟದ್ದು. ಗಾಳಿಯಿಂದ ವಿದ್ಯುತ್ತು ತೆಗೆಯುತ್ತಿದ್ದಿರಂತೆ. ರೆಕ್ಕೆಗಳು ಯಾವಾಗಲೋ ಉದುರಿವೆ, ಕಂಬ ಮಾತ್ರ ಗಟ್ಟಿ. ನಾವು ಅದಕ್ಕೆ ನಮ್ಮ ತೇಲುಬಂಡಿಯ ಹಗ್ಗ ಕಟ್ಟುತ್ತೇವೆ. ಬಹಳ ಉಪಕಾರವಾಯಿತು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಬೇಕು. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು, ಅದರಲ್ಲೂ ಹೆಚ್ಚಿನ ವೇಳೆ ಕಿಟಕಿಯ ಕಡೆಗೆ ಇದ್ದವನು. ಹಾಗಿದ್ದರೂ ಈ ಸೀಮೆಯಲ್ಲಿ ನನ್ನಷ್ಟು ಚೆಂದ ಕಾಗದ ಬರೆಯುವವರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಅಂದರೆ, ನಾನು ಕೇಳಿದವರೆಲ್ಲ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ನೀವೂ ನಮ್ಮ ಹಾಗೆ ನೆಲದ ಮೇಲೆ ನಿಲ್ಲಲಾರದ ಜನ. ನಿಮ್ಮ ಬಗ್ಗೆ ಬಹಳ ಕೇಳಿದ್ದೇನೆ. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬಂದು ಊಟ ಮಾಡುತ್ತಿದ್ದಿರಂತೆ. ಹೆಚ್ಚು ಹಾರಿದವರಿಗೆ ಅಂಕ ಕೊಡುತ್ತಿದ್ದರಂತೆ. ಆ ಪದ್ಧತಿ ನಮ್ಮಲ್ಲಿ ಇದ್ದಿದ್ದರೆ, ಶಾಲೆಯಲ್ಲಿ ಬಾರದ ಅಂಕವೆಲ್ಲ ನನಗೆ ಬಡ್ಡಿಸಮೇತ ಬರುತ್ತಿತ್ತು. ಪಕ್ಕದವರ ಮೊಣಕೈಗೆ ಮೊಣಕೈ ತಾಗಿಸಿ ಕೂತು, ಅವರ ಹೆಸರನ್ನೂ ಕೇಳದೆ ಇಳಿದು ಹೋಗುತ್ತಿದ್ದಿರಂತೆ. ಇದನ್ನು ನಾನು ನಂಬಲಿಲ್ಲ. ಇನ್ನೊಂದು ಮಾತನ್ನಂತೂ ನಮ್ಮಲ್ಲಿ ಯಾರೂ ನಂಬುವುದಿಲ್ಲ. ಕಿಟಕಿಯ ಪಕ್ಕದ ಜಾಗವೇ ಬೇಕು ಎಂದು ಹಟ ಮಾಡಿ ಪಡೆದು, ಕೂತ ಕೂಡಲೇ ಪರದೆ ಎಳೆದು ಕಣ್ಣು ಮುಚ್ಚುತ್ತಿದ್ದಿರಂತೆ. ಮೋಡ ಹೊರಗೆ ಬಂದು ನಿಂತಿರುವಾಗ ಕಣ್ಣು ಮುಚ್ಚುವುದು ಎಂದರೇನು? ಈ ಮಾತಿಗೆ ನಾನು ಬಹಳ ಸಲ ನಕ್ಕಿದ್ದೇನೆ, ಇತರರನ್ನೂ ನಗಿಸಿದ್ದೇನೆ. ಮುಂದೆ ಇದಕ್ಕೆ ತಿರುಗಿ ಬರುತ್ತೇನೆ.

ನಮ್ಮದು ತೇಲುಬಂಡಿ. ಪುಂಡಿನಾರಿನ ಬಟ್ಟೆ ನೇಯ್ದು, ಅಂಟು ಬಳಿದು, ಒಂದು ಕೆರೆಯಷ್ಟು ದೊಡ್ಡ ಚೀಲ ಮಾಡಿ ಅದರೊಳಗೆ ಹಗುರಗಾಳಿ ತುಂಬುತ್ತಾರೆ. ನೀರನ್ನು ಬಿಸಿಲಿನಿಂದ ಒಡೆದರೆ ಹಗುರಗಾಳಿ ಬರುತ್ತದೆ. ಹೇಗೆ ಒಡೆಯುತ್ತಾರೆ ಎಂದು ಗುರುಗಳು ಹಲಗೆಯ ಮೇಲೆ ಬರೆದು ತೋರಿಸಿದ ದಿನವೂ ನಾನು ಕಿಟಕಿಯ ಕಡೆಗೇ ಇದ್ದೆ. ಚೀಲದ ಕೆಳಗೆ ಬಿದಿರಿನ ದೊಡ್ಡ ತೊಟ್ಟಿಲು, ಅದರಲ್ಲಿ ನಾವು. ಯಂತ್ರವಿಲ್ಲ, ಸದ್ದಿಲ್ಲ. ಮುಂಗಾರು ಗಾಳಿ ನಮ್ಮನ್ನು ಎತ್ತಿಕೊಂಡು ಮೂಡಲ ದಂಡೆಗೆ, ಕೃಷ್ಣೆ ಸಮುದ್ರ ಸೇರುವ ಬಯಲಿಗೆ ಒಯ್ಯುತ್ತದೆ. ತಿರುಗಿ ತರುವುದು ಹಿಂಗಾರು ಗಾಳಿ, ಅದೂ ದೀಪಾವಳಿ ಕಳೆದ ಮೇಲೆ. ಹೋದ ಮೇಲೆ ನಡುವೆ ಬರುತ್ತೇನೆ ಎಂದರೆ ಬರುವಂತಿಲ್ಲ. ಗಾಳಿ ತಿರುಗುವವರೆಗೆ ಯಾರದೋ ಮನೆಯಲ್ಲಿ ಉಣ್ಣಬೇಕು, ಅವರ ಕೆಲಸಕ್ಕೆ ಕೈ ಹಚ್ಚಬೇಕು, ಅವರ ಮಕ್ಕಳ ಮೂಗು ಒರೆಸಬೇಕು. ಹಾಗಾಗಿ ನಮ್ಮಲ್ಲಿ ಪರಿಚಯ ಹೇಳುವುದು ಸಣ್ಣ ಕೆಲಸವಲ್ಲ.

ಬಂಡಿ ಇಳಿಯುವ ಬಯಲಿನಲ್ಲಿ ಒಂದು ಹೆಸರುಕಟ್ಟೆ ಇದೆ. ಬಂದವರು ಒಬ್ಬೊಬ್ಬರಾಗಿ ಹತ್ತಿ ಹೆಸರು, ಊರು, ಗೊತ್ತಿರುವ ಕೆಲಸ ಇವನ್ನೆಲ್ಲ ಹೇಳಿ, ಕೊನೆಗೆ ಹಾರುವುದು ತಮಗೆ ಯಾಕೆ ಇಷ್ಟ ಎಂದು ಹೇಳಬೇಕು. ಮೇಲಿಂದ ಮೇಲೆ ಬರುವವರಿಗೆ ಇನ್ನೊಂದು ಕಟ್ಟು, ಹೋದ ವರ್ಷ ಹೇಳಿದ ಕಾರಣವನ್ನು ಈ ವರ್ಷ ಹೇಳುವಂತಿಲ್ಲ. ಆ ಊರಿನ ಮನೆಯವರು ಸುತ್ತ ಕೂತು ಕೇಳುತ್ತಾರೆ. ಯಾರಿಗೆ ಮನಸ್ಸಾಗುತ್ತದೆಯೋ ಅವರು ಎದ್ದು ನಿಂತು, "ನಮ್ಮ ಮನೀಗೆ ಬರಲಿ" ಎನ್ನುತ್ತಾರೆ. ಯಾರೂ ಏಳದಿದ್ದರೆ ಬಟ್ಟೆಮನೆ ಎಂಬ ಡೇರೆಯಲ್ಲಿ ಒಬ್ಬನೇ ಮಳೆಗಾಲ ಕಳೆಯಬೇಕು. ಅನ್ನಕ್ಕೆ ಕೊರತೆ ಮಾಡುವುದಿಲ್ಲ, ಮಾತಿಗೆ ಮಾತ್ರ ಜನ ಇರುವುದಿಲ್ಲ. ನನ್ನಂಥವನಿಗೆ ಅದಕ್ಕಿಂತ ಉಪವಾಸ ಮೇಲು.

ನಮ್ಮ ಬಂಡಿಯ ಖಾಯಂ ಮಂದಿಯಲ್ಲಿ ಸಾವಂತ್ರಕ್ಕ ಎಂಬ ಸೂಲಗಿತ್ತಿ ಇದ್ದಾಳೆ. ಮೋಡ ಎಲ್ಲಿ ಹುಟ್ಟುತ್ತದೆ ಎಂದು ಹತ್ತಿರದಿಂದ ನೋಡಲು ಹಾರುತ್ತೇನೆ ಎಂದು ಒಂದು ವರ್ಷ ಹೇಳಿದಳು. ಬೀಜ ಮಾರುವ ದಾವಲಸಾಬ ನನ್ನ ಬಾಲ್ಯದ ಗೆಳೆಯ. ಅವನ ಅರ್ಧ ಆಯುಷ್ಯ ಅಣ್ಣತಮ್ಮಂದಿರೊಡನೆ ಬದುವಿನ ವ್ಯಾಜ್ಯದಲ್ಲೇ ಹೋಯಿತು. "ಮ್ಯಾಲಿಂದ ನೋಡಿದ್ರ ಯಾರ ಹೊಲ ಯಾವುದಂತ ತಿಳಿಯಂಗಿಲ್ಲ. ಅದ ನನಗ ಸೇರ್ತತಿ" ಎಂದು ಅವನು ಹೇಳಿದ. ಒಮ್ಮೆಗೇ ಮೂರು ಮನೆಯವರು ಎದ್ದರು.

ಆದರೆ ಪರಿಚಯ ಹೇಳುವುದರಲ್ಲಿ ನನ್ನನ್ನು ಮೀರಿಸಿದವರು ಹುಟ್ಟಿಲ್ಲ. ಒಂದು ವರ್ಷ ಹದ್ದುಗಳು ನನ್ನಿಂದ ದಾರಿ ಕೇಳುತ್ತವೆ ಎಂದೆ. ಒಂದು ವರ್ಷ, ನಾನು ಸಿಳ್ಳೆ ಹಾಕದೆ ಗಾಳಿ ಹೊರಡುವುದಿಲ್ಲ, ಅದಕ್ಕೇ ಬರಬೇಕಾಯಿತು ಎಂದೆ. ಇಂಥ ಮಾತಿಗೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಹಿಂದಿನ ಸಾಲಿನಲ್ಲಿ ಒಬ್ಬಳು ನಗದೆ ಎದ್ದು ನಿಲ್ಲುತ್ತಿದ್ದಳು. "ನಮ್ಮ ಮನೀಗೆ ಬರಲಿ. ಎಷ್ಟು ಖರೆ ಐತಿ ನೋಡೇ ಬಿಡಾನು."

ಅವಳು ಸುಂಕಮ್ಮ. ಬಂಡಿಯ ಬಟ್ಟೆ ಹರಿದರೆ ತೇಪೆ ಹಾಕುವ ಕೆಲಸ ಅವಳದು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ, ಮಕ್ಕಳಿಲ್ಲ. ಆ ಕಡೆಯವರ ಹಾಗೆ ಕನ್ನಡದಲ್ಲಿ ಬೈಯುತ್ತಾಳೆ, ತೆಲುಗಿನಲ್ಲಿ ಲೆಕ್ಕ ಮಾಡುತ್ತಾಳೆ, ಒಬ್ಬಳೇ ಇದ್ದಾಗ ಎರಡೂ ಅಲ್ಲದ ಯಾವುದೋ ರಾಗ ಗುನುಗುತ್ತಾಳೆ. ನನಗೆ ಮದುವೆ ಆಗಿಲ್ಲ. ಗಾಳಿ ಇದ್ದಾಗ ಹೆಣ್ಣು ಸಿಗಲಿಲ್ಲ, ಹೆಣ್ಣು ಸಿಕ್ಕಾಗ ಗಾಳಿ ಬಂತು. ತಮ್ಮ ಮತ್ತು ಅವನ ಹೆಂಡತಿ ಶಾಂತವ್ವನ ಜೊತೆ ಇರುತ್ತೇನೆ. ಊರಿಗೆಲ್ಲ ನಾನು ಫಕೀರ ಕಾಕಾ.

ಒಂದು ವರ್ಷ ಹೆಸರುಕಟ್ಟೆಯ ಮೇಲೆ ನಿಂತು, ಹೊಲಿಗೆಯಲ್ಲಿ ನನ್ನ ಕೈ ಹಿಡಿಯುವವರಿಲ್ಲ, ಮೇಲೆ ಹಾರುವಾಗಲೇ ಹರಿದದ್ದನ್ನು ಹೊಲಿಯಬಲ್ಲೆ ಎಂದುಬಿಟ್ಟೆ. ಸುಂಕಮ್ಮ ಎದ್ದು ನಿಂತಳು, ಕರೆದುಕೊಂಡು ಹೋದಳು, ಮರುದಿನವೇ ಕೈಗೆ ದಬ್ಬಣ ಕೊಟ್ಟಳು. ನಮ್ಮ ಬಂಡಿಯ ಬಟ್ಟೆಯನ್ನು ಬಯಲಲ್ಲಿ ಹಾಸಿದ್ದರು. ನಾನು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹದ್ದಿನ ಕಥೆ ಹೇಳುತ್ತ ಹೇಳುತ್ತ, ಮಧ್ಯಾಹ್ನದವರೆಗೆ ಬಹಳ ಶ್ರದ್ಧೆಯಿಂದ ಹೊಲಿದೆ. ಊಟಕ್ಕೆ ಎಂದು ಕರೆದಾಗ ಏಳಲು ಹೋದರೆ ಏಳಲು ಬರಲಿಲ್ಲ. ಉಟ್ಟ ಧೋತರವನ್ನೇ ಬಂಡಿಗೆ ಸೇರಿಸಿ ಹೊಲಿದುಕೊಂಡು ಕೂತಿದ್ದೆ.

ಸುಂಕಮ್ಮ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ನೆಲಕ್ಕೆ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ಬಿಚ್ಚು ಎಂದು ಬೇಡಿಕೊಂಡೆ. ಹತ್ತಿರ ಬಂದು ಹೊಲಿಗೆ ನೋಡಿದಳು, ಎಳೆದು ನೋಡಿದಳು. "ಹೊಲಿಗಿ ಗಟ್ಟಿ ಐತಿ. ಇದನ್ನ ಬಿಚ್ಚಿದ್ರ ಬಟ್ಟಿ ಹರೀತೈತಿ" ಎಂದು, ಕತ್ತರಿ ತಂದು ನನ್ನ ಧೋತರವನ್ನೇ ಸುತ್ತಲೂ ಕತ್ತರಿಸಿ, ಹಸಿರು ಅಂಚಿನ ಆ ತುಂಡನ್ನು ಅಲ್ಲಿಯೇ ಬಿಟ್ಟು, ಅದರ ಸುತ್ತ ತಾನೊಂದು ಸಾಲು ಹೊಲಿಗೆ ಹಾಕಿದಳು. ನಾನು ಅವಳ ಹಳೆಯ ಸೀರೆ ಸುತ್ತಿಕೊಂಡು ಊಟ ಮಾಡಿದೆ. ಆ ತುಂಡು ಇವತ್ತಿಗೂ ನಮ್ಮ ಬಂಡಿಯ ಬಟ್ಟೆಯಲ್ಲಿದೆ, ಎಡಗಡೆಯ ಮೂರನೆಯ ಸಾಲಿನ ನೆತ್ತಿಗೆ. ಅಂದಿನಿಂದ ನಾನು ಕೂಡುವುದೂ ಅದರ ಕೆಳಗೇ. ಯಾರಾದರೂ ಕೇಳಿದರೆ, ಅಲ್ಲಿಂದ ನೆಲ ಚೆನ್ನಾಗಿ ಕಾಣುತ್ತದೆ ಎನ್ನುತ್ತೇನೆ.

ಇನ್ನು ಹೋದ ವರ್ಷದ್ದು ಹೇಳಬೇಕು. ಅದಕ್ಕೆ ಮುಂಚೆ ನಮ್ಮ ಒಂದು ರೀತಿ ನಿಮಗೆ ತಿಳಿದಿರಲಿ. ಬಂಡಿ ಏಳುವಾಗ ಬೀಳ್ಕೊಡುವ ಮಾತು ಎರಡೇ. ಸ್ವಂತ ಮನೆಗಾದರೆ ಅದರ ಕಡೆಗೆ ಮುಖ ಮಾಡಿ "ಹೋಗಿ ಬರ್ತೀನಿ" ಎನ್ನಬೇಕು. ಉಳಿದುಕೊಂಡ ಮನೆಗಾದರೆ "ಬಂದು ಹೋದೆ" ಎನ್ನಬೇಕು. ಬಂದೆ, ಉಂಡೆ, ನಿಮ್ಮ ಋಣ ನೆನೆದೆ, ಹೋದೆ ಎಂದು ಅದರ ಅರ್ಥ. ಚಿಕ್ಕ ಮಕ್ಕಳೂ ಇದನ್ನು ತಪ್ಪುವುದಿಲ್ಲ. ಹೋದ ಹಿಂಗಾರಿನಲ್ಲಿ ಅಲ್ಲಿಂದ ಹೊರಡುವಾಗ ಹಗ್ಗ ಬಿಚ್ಚಿದರು, ಬಂಡಿ ಒಂದಾಳು ಎತ್ತರ ಎದ್ದಿತು, ಎಲ್ಲರೂ ತಮ್ಮ ತಮ್ಮ ಮನೆಯವರಿಗೆ ಬಂದು ಹೋದೆ, ಬಂದು ಹೋದೆ ಎಂದರು. ನಾನು ಸುಂಕಮ್ಮನ ಕಡೆಗೆ ತಿರುಗಿ, ಎಲ್ಲರಿಗಿಂತ ದೊಡ್ಡ ದನಿಯಲ್ಲಿ, "ಹೋಗಿ ಬರ್ತೀನಿ" ಎಂದೆ.

ಬೇಕೆಂದು ಹೇಳಿದ್ದಲ್ಲ. ಬಾಯಿಂದ ಬಂತು. ಬಯಲಿನಲ್ಲಿ ಯಾರೋ ಮುಸಿಮುಸಿ ನಕ್ಕರು. ಸಾವಂತ್ರಕ್ಕ ಬಾಯಿಗೆ ಸೆರಗು ಹಿಡಿದಳು. ಸುಂಕಮ್ಮ ಹಗ್ಗದ ತುದಿ ಕೈಯಲ್ಲೇ ಹಿಡಿದುಕೊಂಡು ಮೇಲೆ ನೋಡಿ ಕೇಳಿದಳು, "ಯಾರ ಮನೀಗೆ ಬರ್ತಿಯೋ ಫಕೀರಪ್ಪ?" ಬಂಡಿ ಏಳುತ್ತಿತ್ತು. ಅವಳು ಕೂಗಿ ಹೇಳಿದಳು, "ಮುಂದಿನ ಸಲ ಕಟ್ಟಿ ಹತ್ತಿ ಅದನ್ನ ಹೇಳು. ಒಂದ ಒಂದು ಖರೆ ಮಾತು ಹೇಳು. ಹದ್ದು ಗಿದ್ದು ಅಂದ್ರ ನಾ ಏಳಂಗಿಲ್ಲ ನೋಡು." ಹಗ್ಗ ಬಿಟ್ಟಳು. ಮನೆಯ ಕಡೆಗೆ ನಡೆದಳು. ತಿರುಗಿ ನೋಡಲಿಲ್ಲ.

ಹಿರಿಯರೇ, ಆ ದಿನದಿಂದ ಈ ದಿನದವರೆಗೆ ನಾನು ಒಂದು ಖರೆ ಮಾತು ಹುಡುಕುತ್ತಿದ್ದೇನೆ. ಸುಳ್ಳಿಗೆ ನನ್ನಲ್ಲಿ ಬರವಿಲ್ಲ, ಖರೆ ಹೇಳಿ ರೂಢಿ ಇಲ್ಲ. ದಾವಲಸಾಬ ದಿನಾ ಬಂದು ಪಾಠ ಕೇಳಿದ ಹಾಗೆ ಕೇಳುತ್ತಾನೆ. "ಹೇಳಲೇ, ಏನಂತ ಹೇಳ್ತಿ?" ನಾನು ಎದ್ದು ನಿಂತು ಎದೆ ಉಬ್ಬಿಸಿ ಶುರು ಮಾಡಿದರೆ ಎರಡನೆಯ ಮಾತಿಗೇ ಹದ್ದು ಬಂದು ಕೂಡುತ್ತದೆ. "ಥೂ ನಿನ್ನ, ಬಟ್ಟಿಮನಿನ ಗತಿ ನಿನಗ. ನಾ ಹೋದ ವರ್ಷನ ವಿಚಾರಿಸೇನಿ, ಅಲ್ಲಿಂದ ಆಕಿ ಮನಿ ದೀಪ ಕಾಣ್ತತಿ. ಅದನ್ನ ನೋಡ್ಕೋತ ಮಳಿಗಾಲ ಕಳಿ" ಎಂದು ಬೈದು ಹೋಗುತ್ತಾನೆ. ಬೈಯುತ್ತಾನೆ ನಿಜ, ಆದರೆ ದೀಪ ಕಾಣುತ್ತದೋ ಇಲ್ಲವೋ ಎಂದು, ನಾನು ಬಾಯಿ ತಪ್ಪುವ ಮೊದಲೇ, ಆ ಡೇರೆಯೊಳಗೆ ಹೋಗಿ ನೋಡಿ ಬಂದವನು ಅವನೇ.

ಇವತ್ತು ಬೆಳಿಗ್ಗೆ ಗುಡ್ಡಕ್ಕೆ ಹೊರಡುವಾಗ ಶಾಂತವ್ವ ಗಂಟು ಕಟ್ಟಿಕೊಟ್ಟಳು. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಎಂದಿನಂತೆ. ಗಂಟು ಮಾತ್ರ ಎಂದಿಗಿಂತ ಭಾರ. ಬಿಚ್ಚಿ ನೋಡಿದರೆ ನನ್ನ ಚಳಿಗಾಲದ ಕಂಬಳಿ ಇದೆ, ಹಬ್ಬಕ್ಕೆ ಉಡುವ ಅಂಗಿ ಇದೆ, ನನ್ನ ಹಿತ್ತಾಳೆ ಚೊಂಬು ಇದೆ. ಹಿಂಗಾರಿಗೆ ತಿರುಗಿ ಬರುವವನಿಗೆ ಇಷ್ಟೆಲ್ಲ ಕಟ್ಟುವುದಿಲ್ಲ. ಎಲ್ಲದರ ಕೆಳಗೆ ಮಡಿಸಿ ಇಟ್ಟಿದ್ದು ನಡುವೆ ದೊಡ್ಡ ತೂತಿರುವ ಹಸಿರು ಅಂಚಿನ ಧೋತರ. ಇದನ್ನು ಯಾಕೆ ಇಟ್ಟೆ ಎಂದು ಕೇಳಿದರೆ ಅವಳು ಒಲೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು, "ಆ ತೂತು ಮುಚ್ಚೋರು ಇಲ್ಲಿ ಯಾರ ಅದಾರ ಭಾವಾ." ಮಿಗತೆ ದಿನದಲ್ಲಿ ಮದುವೆಯ ಮಾತು ತೆಗೆಯುವಂತಿಲ್ಲ ಎಂದು ಮೇಲೆ ಹೇಳಿದೆನಲ್ಲ. ಅವಳು ತೆಗೆಯಲಿಲ್ಲ. ಧೋತರದ ಮಾತು ಆಡಿದಳು ಅಷ್ಟೆ. ತಮ್ಮ ಹೊರಗೆ ನಿಂತು ಎತ್ತಿನ ಬೆನ್ನು ಉಜ್ಜುತ್ತಿದ್ದ. ಉಜ್ಜಿದ್ದನ್ನೇ ಉಜ್ಜುತ್ತಿದ್ದ.

ಈಗ ಕಂಬದ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ಬಂಡಿಯ ಚೀಲ ತುಂಬಿ ನಿಂತಿದೆ. ಹೆಸರುಕಟ್ಟೆಯ ಮೇಲೆ ಹೇಳಬೇಕಾದ್ದನ್ನು ನಿಮ್ಮ ಮುಂದೆ ಒಂದು ಸಲ ಹೇಳಿ ನೋಡುತ್ತೇನೆ. ನೀವು ಗೇಲಿ ಮಾಡಿದರೂ ನನಗೆ ಕೇಳುವುದಿಲ್ಲ, ಹೋಗಿ ಅವಳ ಕಿವಿಗೆ ಹಾಕುವವರೂ ನೀವಲ್ಲ. ಆ ಧೈರ್ಯಕ್ಕೇ ಈ ಕಾಗದ.

ನನ್ನ ಹೆಸರು ಫಕೀರಪ್ಪ. ಊರು ಕಪ್ಪತಗುಡ್ಡದ ಬುಡ. ಕೆಲಸ ಇಂಥದ್ದೇ ಎಂದಿಲ್ಲ, ಹೇಳಿದ್ದು ಮಾಡುತ್ತೇನೆ, ರೊಟ್ಟಿ ಮಾತ್ರ ನಿಜವಾಗಿಯೂ ಚೆನ್ನಾಗಿ ಬಡಿಯುತ್ತೇನೆ. ಹಾರುವುದು ನನಗೆ ಯಾಕೆ ಇಷ್ಟ ಎಂದರೆ, ಮೇಲಿಂದ ನಾನು ನೋಡಿರುವ ಹೊಳೆ, ಕಾಡು, ಆನೆ ಹಿಂಡು ಈ ಭೂಮಿಯ ಮೇಲೆ ಇನ್ನಾರೂ...

ನೋಡಿದಿರಾ. ಮತ್ತೆ ಅದೇ ದಾರಿ. ತಡೆಯಿರಿ.

ಹಾರುವುದು ನನಗೆ ಯಾಕೆ ಇಷ್ಟ ಎಂದರೆ, ನಾನು ಮೇಲಿಂದ ಏನನ್ನೂ ನೋಡಿಲ್ಲ. ಧೋತರ ಹೊಲಿದುಕೊಂಡ ವರ್ಷದಿಂದ ಈಚೆಗೆ ಒಂದು ಸಲವೂ ಕೆಳಗೆ ಬಗ್ಗಿಲ್ಲ. ಆನೆ ಹಿಂಡನ್ನು ಕಂಡವನು ದಾವಲಸಾಬ, ತುಂಗಭದ್ರೆಯ ಮೇಲಿನ ಕಾಮನಬಿಲ್ಲನ್ನು ಕಂಡವಳು ಸಾವಂತ್ರಕ್ಕ, ಊರಿನಲ್ಲಿ ಅವನ್ನು ಹೇಳಿಕೊಂಡು ತಿರುಗಿದವನು ಮಾತ್ರ ನಾನು. ಬಂಡಿ ಎದ್ದ ಕೂಡಲೇ ತಲೆ ಎತ್ತಿ ಆ ಹಸಿರು ಅಂಚಿನ ತುಂಡನ್ನು ನೋಡುತ್ತೇನೆ. ಒಳಗಿನ ಸಾಲು ನನ್ನ ಹೊಲಿಗೆ, ಕುಡಿದವನು ನಡೆದ ಹಾಗೆ ಓಲಾಡುತ್ತದೆ. ಸುತ್ತ ಇರುವುದು ಅವಳ ಸಾಲು, ಇರುವೆ ಸಾಲಿನ ಹಾಗೆ ನೆಟ್ಟಗೆ. ಗಾಳಿ ಬಟ್ಟೆಯನ್ನು ಉಬ್ಬಿಸಿದಾಗ ಎರಡೂ ಒಟ್ಟಿಗೆ ಬಿಗಿಯಾಗುತ್ತವೆ, ಗಾಳಿ ಸಡಿಲಾದಾಗ ಒಟ್ಟಿಗೆ ಸಡಿಲಾಗುತ್ತವೆ. ಹೊಲಿಗೆ ಬಿಟ್ಟಿಲ್ಲ ತಾನೆ, ಬಿಟ್ಟಿಲ್ಲ ತಾನೆ ಎಂದು ನೋಡುತ್ತ ಹೋಗುತ್ತೇನೆ. ಕುತ್ತಿಗೆ ನೋಯುವಷ್ಟರಲ್ಲಿ ಮೂಡಲ ದಂಡೆ ಬರುತ್ತದೆ. ನಾನು ಹಾರುವುದು ಇಷ್ಟೇ.

ಇದನ್ನು ಬರೆದು ಮುಗಿಸಿದಾಗ ನನಗೆ ನೀವು ನೆನಪಾದಿರಿ. ಕಿಟಕಿಯ ಪರದೆ ಎಳೆದು ಕಣ್ಣು ಮುಚ್ಚುತ್ತಿದ್ದಿರಿ ಎಂದು ಇಷ್ಟು ವರ್ಷ ನಕ್ಕೆನಲ್ಲ. ನಿಮಗೂ ಒಳಗೆ ನೋಡಲು ಏನಾದರೂ ಇತ್ತೇನೋ. ಆ ನಗುವನ್ನು ವಾಪಸ್ ತೆಗೆದುಕೊಂಡಿದ್ದೇನೆ.

ನಿಮ್ಮಿಂದ ಒಂದು ಬೇಡಿಕೆ ಇದೆ. ಮುಂದಿನ ಸಲ ಹಾರುವಾಗ ಪಕ್ಕದವರಿಗೆ ನಿಮ್ಮ ಹೆಸರು, ಊರು ಹೇಳಿ. ಬೇಕಿದ್ದರೆ ಒಂದೆರಡು ಸುಳ್ಳೂ ಸೇರಿಸಿ, ನನ್ನ ಹೆಸರಿನಲ್ಲಿ. ಆದರೆ ಇಳಿದ ಕಡೆ ನಿಮಗಾಗಿ ಯಾರಾದರೂ ಎದ್ದು ನಿಂತಿದ್ದರೆ, ಅವರಿಗೆ ಹೇಳುವುದನ್ನು ಇನ್ನೊಂದು ಸಲಕ್ಕೆ ಇಡಬೇಡಿ. ನಿಮಗೆ ಸಂಜೆಗೇ ತಿರುಗಿ ಬರುವ ವಿಮಾನ ಇರುತ್ತದೆ, ನಾಳೆ ಮತ್ತೆ ಹೋಗುವ ವಿಮಾನವೂ ಇರುತ್ತದೆ. ಅದೇ ನಿಮಗೆ ತೊಂದರೆ ಎಂದು ನನ್ನ ಅನಿಸಿಕೆ. ನಮಗೆ ಹೋಗಲು ವರ್ಷಕ್ಕೆ ಒಂದೇ ಗಾಳಿ. ನಾನು ಅದನ್ನೂ ಎಷ್ಟೋ ವರ್ಷ ಹದ್ದಿನ ಮಾತಿನಲ್ಲಿ ಕಳೆದೆ.

ದಾವಲಸಾಬ ಕೂಗುತ್ತಿದ್ದಾನೆ. ಗಾಳಿ ನೋಡಲು ಕಂಬಕ್ಕೆ ಕಟ್ಟಿದ ಬಟ್ಟೆ ಎರಡು ಸಲ ಮೂಡಲಿಗೆ ತಿರುಗಿತು, ಈಗ ಮೂರನೆಯ ಸಲ ತಿರುಗಿ ಅಲ್ಲೇ ನಿಂತಿದೆ. ಮಣ್ಣಿನ ವಾಸನೆ ಬರುತ್ತಿದೆ. ಇನ್ನು ಈ ದಿನಕ್ಕೆ ಆಷಾಢ ಎಂದು ಹೆಸರು ಬೀಳುತ್ತದೆ, ಹೆಸರು ಬಿದ್ದ ಮೇಲೆ ಹಾಕಿದ ಹಿಂದಂಚೆ ನಿಮಗೆ ಮುಟ್ಟುವುದಿಲ್ಲ. ಬೇಗ ಮಡಿಸಬೇಕು.

ಅವಳು ಏಳುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಏಳದಿದ್ದರೆ ಬಟ್ಟೆಮನೆ ಇದೆ, ಅಲ್ಲಿಂದ ದೀಪ ಕಾಣುತ್ತದೆ. ಆದರೆ ಯಾರ ಮನೆಗೆ ಬರ್ತಿ ಎಂದು ಕೇಳಿದ್ದಳಲ್ಲ, ಅದಕ್ಕೆ ಉತ್ತರವನ್ನು ನಾನು ಇಲ್ಲಿಂದಲೇ ಶುರು ಮಾಡಬೇಕು. ಇಷ್ಟು ವರ್ಷ ಬಂಡಿ ಏಳುವಾಗ ಎಲ್ಲರೂ ತಮ್ಮ ಮನೆಯ ಕಡೆಗೆ ತಿರುಗಿದರೆ ನಾನೊಬ್ಬ ಮೂಡಲಿಗೆ ಮುಖ ಮಾಡುತ್ತಿದ್ದೆ, ಮನೆಯ ಕಡೆಯಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ನೆಪ ಹೇಳುತ್ತಿದ್ದೆ. ಈ ಸಲ ನಾನೂ ಮನೆಯ ಕಡೆಗೇ ತಿರುಗುತ್ತೇನೆ. ಶಾಂತವ್ವ ಅಂಗಳದಲ್ಲಿ ನಿಂತಿರುತ್ತಾಳೆ, ತಮ್ಮ ಎತ್ತಿನ ಬೆನ್ನ ಮೇಲೆ ಕೈ ಇಟ್ಟುಕೊಂಡು ಮೇಲೆ ನೋಡುತ್ತಿರುತ್ತಾನೆ. ಎಲ್ಲರೂ ಹೋಗಿ ಬರ್ತೀನಿ ಎಂದು ಕೂಗುವ ಗದ್ದಲದಲ್ಲಿ, ಆ ಮನೆಗೆ, ನಾನು ಹುಟ್ಟಿದ ಮನೆಗೆ, ಮೆಲ್ಲಗೆ ಹೇಳುತ್ತೇನೆ.

ಬಂದು ಹೋದೆ.

ಇತಿ ನಿಮ್ಮವನಾದ
ಫಕೀರಪ್ಪ,
ಸದ್ಯಕ್ಕೆ ಕಪ್ಪತಗುಡ್ಡ